ಬೆಂಗಳೂರಿನ ಕಟ್ಟಡಗಳ ಪುಸ್ತಕಗಳು: ಮೂರು ಬಗೆಗಳನ್ನು ಬಳಸಿ ನೋಡಿದ ಹೋಲಿಕೆ

ಬೆಂಗಳೂರಿನ ಹಳೆಯ ಕಟ್ಟಡಗಳನ್ನೂ ಬಡಾವಣೆಗಳನ್ನೂ ಕುರಿತು ಪುಸ್ತಕ ಕೊಳ್ಳಲು ಹೊರಟವರ ಮುಂದೆ ಇಂದು ಮೂರು ಬಗೆಗಳಿವೆ. ಟೀಪಾಯಿಯ ಮೇಲೆ ತೆರೆದಿಡುವಂಥ ದೊಡ್ಡ ಗಾತ್ರದ ಛಾಯಾಚಿತ್ರ ಸಂಪುಟ ಒಂದು. ಅಳತೆ ಹಿಡಿದು ಬರೆದ ನಕ್ಷೆಗಳನ್ನೇ ಜೀವಾಳವಾಗಿಸಿಕೊಂಡ ವಾಸ್ತುಶಿಲ್ಪದ ಪುಸ್ತಕ ಇನ್ನೊಂದು. ಒಂದೊಂದೇ ಬಡಾವಣೆಯನ್ನು ಎತ್ತಿಕೊಂಡು ಭೂಪಟದ ನೆರವಿನಿಂದ ಬೀದಿ ಬೀದಿ ಸುತ್ತಿಸುವ ಕೈಪಿಡಿ ಮತ್ತೊಂದು. ಮೂರನ್ನೂ ಮನೆಯಲ್ಲಿ ಕುಳಿತು ಓದಿದ್ದಲ್ಲದೆ, ಹೊರಲಾಗುವಷ್ಟನ್ನು ಪೇಟೆ, ಬಸವನಗುಡಿ, ಮಲ್ಲೇಶ್ವರ ಮತ್ತು ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಒಯ್ದು, ಪುಟದಲ್ಲಿ ಇರುವುದನ್ನು ಎದುರಿಗಿರುವ ಕಟ್ಟಡದೊಂದಿಗೆ ತಾಳೆ ನೋಡಿದ್ದೇನೆ. ಯಾವುದು ಹೆಚ್ಚು ಚೆಂದ ಎಂಬುದು ನನ್ನ ಪ್ರಶ್ನೆಯಾಗಿರಲಿಲ್ಲ. ಓದಿದ ಮೇಲೆ ಅದೇ ಬೀದಿಯಲ್ಲಿ ಹಿಂದೆ ಕಾಣದಿದ್ದದ್ದು ಯಾವುದರಿಂದ ಕಂಡಿತು ಎಂಬುದಷ್ಟೇ ನನಗೆ ಬೇಕಾಗಿತ್ತು.

ಮೊದಲೆರಡು ಬಗೆಗಳಿಗೆ ಈ ನಗರದಲ್ಲಿ ಗೌರವದ ಹಿನ್ನೆಲೆಯಿದೆ. ಜಾನೆಟ್ ಪಾಟ್ ಅವರ ‘ಓಲ್ಡ್ ಬಂಗಲೋಸ್ ಇನ್ ಬ್ಯಾಂಗಲೋರ್’ 1977ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು, ಟಿ.ಪಿ. ಇಸ್ಸಾರ್ ಅವರ ‘ದಿ ಸಿಟಿ ಬ್ಯೂಟಿಫುಲ್’ 1988ರಲ್ಲಿ ಬೆಂಗಳೂರು ನಗರ ಕಲಾ ಆಯೋಗದಿಂದ ಹೊರಬಂತು. ಒಂದು ವಾಸದ ಮನೆಗಳನ್ನೂ ಇನ್ನೊಂದು ಇಡೀ ನಗರದ ಚೆಲುವನ್ನೂ ವಿಷಯವಾಗಿ ಆರಿಸಿಕೊಂಡವು. ಮುಂದೆ ಹೇಳುವ ಕುಂದುಕೊರತೆಗಳು ಈ ಎರಡು ಕೃತಿಗಳ ವಿಮರ್ಶೆಯಲ್ಲ. ಆಯಾ ಬಗೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಂಡುಬರುವಂಥವು.

ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ಛಾಯಾಚಿತ್ರ ಸಂಪುಟವನ್ನು ಮೀರಿಸುವುದು ಕಷ್ಟ. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯ, ಅಂದರೆ ಇಂದಿನ ಹೈಕೋರ್ಟಿನ, ಉದ್ದನೆಯ ಕೆಂಪು ಮುಂಭಾಗವನ್ನು ರಸ್ತೆಯಲ್ಲಿ ನಿಂತು ಒಂದೇ ನೋಟಕ್ಕೆ ಹಿಡಿಯಲು ವಾಹನಗಳೂ ಮರಗಳೂ ಕಾವಲಿನವರೂ ಬಿಡುವುದಿಲ್ಲ. ಅದರ ಎದುರಿಗೇ 1956ರಲ್ಲಿ ಮುಗಿದ ವಿಧಾನಸೌಧವಿದೆ. ಕೆಂಗಲ್ ಹನುಮಂತಯ್ಯನವರು ಅಷ್ಟೊಂದು ಕಣಶಿಲೆಯನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಈ ಹಳೆಯ ಕಟ್ಟಡದ ಎದುರಿನಲ್ಲಿ ಎಂಬ ಸಂಗತಿ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸಿದ ಚಿತ್ರವನ್ನು ನೋಡಿದಾಗ ಮನಸ್ಸಿಗೆ ನಾಟಿದಷ್ಟು ಯಾವ ವಿವರಣೆಯಿಂದಲೂ ನಾಟಲಿಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನ ಮನೆಯೂ ಅಷ್ಟೇ: ಎರಕದ ಕಬ್ಬಿಣದ ಕಂಬಗಳ ಮೇಲೆ ಬೆಳಗಿನ ಬೆಳಕು ಬಿದ್ದಾಗಿನ ಹಗುರತನವನ್ನು ಗೆರೆಯ ನಕ್ಷೆ ಕೊಡಲಾರದು.

ಆದರೆ ಮನೆಗಳ ಒಳಗೆ ಕಾಲಿಟ್ಟೊಡನೆ ಇದೇ ಸಂಪುಟ ದಾರಿ ತಪ್ಪಿಸತೊಡಗುತ್ತದೆ. ಇಕ್ಕಟ್ಟಾದ ಕೋಣೆಯನ್ನು ತೆಗೆಯಲು ಛಾಯಾಗ್ರಾಹಕರು ವೈಡ್ ಆಂಗಲ್ ಲೆನ್ಸ್ ಬಳಸುವುದು ಅನಿವಾರ್ಯ. ಅದರ ಫಲವಾಗಿ ನಾಲ್ಕು ಮಂದಿ ಊಟಕ್ಕೆ ಕೂರಬಹುದಾದ ಪಡಸಾಲೆ ಮದುವೆ ಛತ್ರದ ಹಜಾರದಂತೆ ತೋರುತ್ತದೆ. ಚಿತ್ರದಲ್ಲಿ ಒಬ್ಬ ಮನುಷ್ಯ, ಒಂದು ಕುರ್ಚಿ, ಕೊನೆಗೆ ಒಂದು ಬಿಂದಿಗೆಯಾದರೂ ಇದ್ದರೆ ಅಳತೆ ಹೊಳೆಯುತ್ತದೆ. ಚಿತ್ರ ‘ಸ್ವಚ್ಛ’ವಾಗಿರಲಿ ಎಂದು ಅವನ್ನೆಲ್ಲ ಸರಿಸಿಡುವ ಪದ್ಧತಿ ನನಗೆ ಒಗ್ಗುವುದಿಲ್ಲ. ಇನ್ನೊಂದು ಕೊರತೆ ತಾರೀಖಿನದು. ಕಟ್ಟಡ ಯಾವ ವರ್ಷದ್ದೆಂದು ಬರೆಯುವ ಸಂಪುಟಗಳು ಚಿತ್ರ ಯಾವ ವರ್ಷದ್ದೆಂದು ಹೇಳುವುದಿಲ್ಲ. ಬಂಗಲೆಗಳು ವರ್ಷವರ್ಷವೂ ಉರುಳುತ್ತಿರುವ ಊರಿನಲ್ಲಿ, ಈ ಮನೆ ಯಾವಾಗಿನವರೆಗೆ ಇತ್ತು ಎಂಬುದಕ್ಕೆ ಆ ಚಿತ್ರವೇ ಕೊನೆಯ ಸಾಕ್ಷಿಯಾಗಬಹುದು. ತಾರೀಖಿಲ್ಲದಿದ್ದರೆ ಆ ಸಾಕ್ಷಿಗೆ ಬೆಲೆಯಿಲ್ಲ. ಎರಡು ಪುಟಕ್ಕೆ ಹರಡಿದ ಚಿತ್ರದ ನಟ್ಟನಡುವಿನ ಬಾಗಿಲು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳುವುದಂತೂ ಈ ಬಗೆಯ ಪುಸ್ತಕಗಳ ಹಳೆಯ ರೋಗ.

ಈಗ ನಕ್ಷೆಯ ಪುಸ್ತಕಕ್ಕೆ ಬರುತ್ತೇನೆ. ನೋಡಲು ಒಣಕಲಾದ ಈ ಬಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ದಂಡು ಪ್ರದೇಶದ ಬಂಗಲೆಗಳ ಕಿಟಕಿಯ ಮೇಲೆ ಚೂಪಾಗಿ ಮುಂಚಾಚಿ, ಮರದ ಪಟ್ಟಿಗಳಿಂದ ಇಳಿಬಿದ್ದಿರುವ ಮಂಕಿ ಟಾಪ್ ಎಂಬ ಮುಚ್ಚಿಗೆಯನ್ನು ಎಲ್ಲ ಸಂಪುಟಗಳೂ ಅಲಂಕಾರವೆಂದೇ ತೋರಿಸುತ್ತವೆ. ಅದೇ ಮನೆಯನ್ನು ಅಡ್ಡಲಾಗಿ ಸೀಳಿದಂತೆ ಬರೆದ ಸೆಕ್ಷನ್ ಚಿತ್ರವನ್ನು ನೋಡಿದರೆ ಅದು ಬಿಸಿಲನ್ನೂ ಇರಚಲನ್ನೂ ತಡೆದು ಗಾಳಿಗೆ ಮಾತ್ರ ಎಡೆಮಾಡಿಕೊಡುವ ಏರ್ಪಾಡು ಎಂಬುದು ತಿಳಿಯುತ್ತದೆ. ಚಾವಣಿ ಏಕೆ ಅಷ್ಟು ಎತ್ತರ, ಗೋಡೆಯ ಮೇಲ್ತುದಿಯಲ್ಲಿ ಏಕೆ ಚಿಕ್ಕ ಗವಾಕ್ಷಿಗಳು, ವರಾಂಡ ಏಕೆ ಅಷ್ಟು ಆಳ ಎಂಬ ಪ್ರಶ್ನೆಗಳಿಗೂ ಅದೇ ಒಂದು ಚಿತ್ರದಲ್ಲಿ ಉತ್ತರ ಸಿಗುತ್ತದೆ. ಹಳೆಯ ಮದ್ರಾಸ್ ತಾರಸಿಯನ್ನು ಕೆಳಗಿನಿಂದ ನೋಡಿದರೆ ಕಾಣುವುದು ಸಾಲಾಗಿ ಕೂಡಿಸಿದ ಮರದ ತೊಲೆಗಳು ಮಾತ್ರ. ಅವುಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಸಿ, ಎಲ್ಲಕ್ಕೂ ಮೇಲೆ ಬಿಲ್ಲೆ ಹೊದಿಸಿದ ಪದರಗಳನ್ನು ಕ್ಯಾಮೆರಾ ತೋರಿಸಬೇಕಾದರೆ ಮನೆ ಕೆಡವುವ ದಿನಕ್ಕಾಗಿ ಕಾಯಬೇಕು.

ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಕ್ಷೆಯ ಮೇಲುಗೈ ಇನ್ನೂ ಸ್ಪಷ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಈ ಎರಡು ಬಡಾವಣೆಗಳು 1898ರ ಪ್ಲೇಗಿನ ತರುವಾಯ, ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳಿಂದ ತುಂಬತೊಡಗಿದವು. ಜಗಲಿ, ಕೆಂಪು ನೆಲ, ಮಂಗಳೂರು ಹೆಂಚು, ಅಂಗಳದ ತುಳಸಿಕಟ್ಟೆ ಇವೆಲ್ಲ ಸಂಪುಟಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಪ್ಲಾನ್ ತೆರೆದು ನೋಡಿದರೆ ಮನೆಗೆ ಇನ್ನೊಂದು ಮುಖವಿದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಹಾದುಹೋಗುತ್ತದೆ; ಹಿತ್ತಲಿನ ತುದಿಯ ಪಾಯಿಖಾನೆ ಆ ಗಲ್ಲಿಗೆ ಅಂಟಿಕೊಂಡಿರುತ್ತದೆ. ಮಲ ಹೊರುವವರು ಮನೆಯ ಮುಂಬಾಗಿಲಿನ ಹತ್ತಿರವೂ ಸುಳಿಯದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಬೇಕಾಗಿದ್ದ ಸಮಾಜವೊಂದು ಆ ನಾಲ್ಕು ಗೆರೆಗಳಲ್ಲಿ ಅಚ್ಚಾಗಿದೆ. ನೈರ್ಮಲ್ಯ ಯೋಜನೆಯೂ ಜಾತಿವ್ಯವಸ್ಥೆಯೂ ಒಂದೇ ಗಲ್ಲಿಯಲ್ಲಿ ಹೇಗೆ ಕೂಡಿಕೊಂಡಿದ್ದವು ಎಂಬುದನ್ನು, ಮುಂಭಾಗದ ಚೆಲುವನ್ನು ಹೊಗಳುವ ಯಾವ ಚಿತ್ರಸಂಪುಟದಲ್ಲಿಯೂ ನಾನು ಕಂಡಿಲ್ಲ. ನಗರದ ಚರಿತ್ರೆಯನ್ನು ಸಂಭ್ರಮಿಸುವ ಪುಸ್ತಕ ಹಿತ್ತಲನ್ನು ಬಿಟ್ಟುಬಿಟ್ಟರೆ ಅದು ಅರ್ಧ ಚರಿತ್ರೆ ಎಂದೇ ನನ್ನ ಎಣಿಕೆ.

ನಕ್ಷೆಯ ಪುಸ್ತಕ ಕೊಳ್ಳುವಾಗ ನೋಡಬೇಕಾದ ಸಣ್ಣ ವಿಷಯವೊಂದಿದೆ. ನಕ್ಷೆಯ ಕೆಳಗೆ ‘1:100’ ಎಂದು ಬರೆದುಬಿಟ್ಟು, ಅಚ್ಚಿಗಾಗಿ ಅದನ್ನು ಕುಗ್ಗಿಸಿದ್ದರೆ ಆ ಪ್ರಮಾಣ ಸುಳ್ಳಾಗುತ್ತದೆ. ಅಳತೆಪಟ್ಟಿಯನ್ನೇ ಚಿತ್ರದೊಳಗೆ ಬರೆದಿದ್ದರೆ ಅದೂ ಜೊತೆಯಲ್ಲಿ ಕುಗ್ಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಉತ್ತರ ದಿಕ್ಕಿನ ಗುರುತೂ ಇರಬೇಕು, ಏಕೆಂದರೆ ಬಿಸಿಲಿನ ದಿಕ್ಕು ತಿಳಿಯದೆ ಕಿಟಕಿ ಎಲ್ಲಿದ್ದರೇನು? ಈಗ ಇರುವ ಮನೆಯನ್ನು ಅಳೆದದ್ದೋ, ಮೊದಲು ಹೀಗಿದ್ದಿರಬೇಕು ಎಂದು ಊಹಿಸಿ ಬರೆದದ್ದೋ ಎಂಬುದನ್ನೂ ಒಳ್ಳೆಯ ಪುಸ್ತಕ ಹೇಳುತ್ತದೆ. ಇಷ್ಟಿದ್ದರೂ ಬಣ್ಣವಿಲ್ಲ, ಬೆಳಕಿಲ್ಲ, ಸಾಮಾನ್ಯವಾಗಿ ಮನುಷ್ಯರೂ ಇಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಪುಸ್ತಕ ಇದಾಗಲಾರದು.

ಪೇಟೆಯ ವಿಷಯಕ್ಕೆ ಬಂದರೆ ಇವೆರಡೂ ಹಿಂದೆ ಸರಿಯುತ್ತವೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳಲಾಗುವ ಪೇಟೆಯಲ್ಲಿ ಬಿಡಿ ಕಟ್ಟಡಕ್ಕಿಂತ ಬೀದಿಗಳ ಹೆಣಿಗೆ ಮುಖ್ಯ. ಅವೆನ್ಯೂ ರಸ್ತೆಯಾಗಿರುವ ದೊಡ್ಡಪೇಟೆ, ಅದನ್ನು ಅಡ್ಡ ಹಾಯುವ ಚಿಕ್ಕಪೇಟೆ, ಕಸುಬು ಮತ್ತು ಸರಕುಗಳ ಹೆಸರು ಹೊತ್ತ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳನ್ನು ನಡೆದೇ ತಿಳಿಯಬೇಕು. ಇಲ್ಲಿ ಸಂಪುಟದ ಛಾಯಾಗ್ರಾಹಕರು ನಾಮಫಲಕಕ್ಕೂ ತಂತಿಗಳಿಗೂ ಬೇಸತ್ತು, ಮೇಲಂತಸ್ತಿನ ಗಾರೆಗೆಲಸವನ್ನಷ್ಟೇ ಕತ್ತರಿಸಿ ಕೊಡುತ್ತಾರೆ. ಕೆಳಗಿನ ಅಂಗಡಿ, ಅಂದರೆ ಆ ಕಟ್ಟಡ ಇಂದಿಗೂ ನಿಂತಿರಲು ಇರುವ ಕಾರಣವೇ, ಚೌಕಟ್ಟಿನಿಂದ ಹೊರಗೆ ಉಳಿಯುತ್ತದೆ. ಕೈಪಿಡಿ ಮಾತ್ರ ಅಂಗಡಿಯ ಹೊಸ್ತಿಲಿನಿಂದ ಶುರುಮಾಡುತ್ತದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಯಾವ ಬೀದಿಗಳಲ್ಲಿ ಸಾಗಿ ತವಕ್ಕಲ್ ಮಸ್ತಾನ್ ದರ್ಗಾದ ಮುಂದೆ ನಿಲ್ಲುತ್ತದೆ ಎಂಬುದನ್ನು ಭೂಪಟದಲ್ಲಿ ಗುರುತಿಸಿದ ಪುಸ್ತಕ ಕೈಯಲ್ಲಿದ್ದರೆ, ಈ ಬೀದಿಗಳು ಯಾರು ಯಾರನ್ನು ಕೂಡಿಸಿದ್ದವು ಎಂಬುದು ಕಾಲಿಗೇ ತಿಳಿಯುತ್ತದೆ. ಹಳೆಯ ಕೆರೆಗಳನ್ನು ಇಂದಿನ ಭೂಪಟದ ಮೇಲೆ ಚುಕ್ಕೆಗೆರೆಯಲ್ಲಿ ತೋರಿಸುವುದೂ ಕೈಪಿಡಿಯೇ: ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ.

1809ರಲ್ಲಿ ನೆಲೆಗೊಂಡ ದಂಡು ಪ್ರದೇಶವನ್ನು ಕುರಿತು ಕೂಡ ಕೈಪಿಡಿಗಳು ಹೆಚ್ಚು ನ್ಯಾಯವಾಗಿ ನಡೆದುಕೊಂಡಿವೆ. ಅಧಿಕಾರಿಗಳ ಬಂಗಲೆಗಳಲ್ಲೇ ಸುತ್ತುವ ಸಂಪುಟಗಳಿಗೆ ಶಿವಾಜಿನಗರದ ಸಂದಿಗಳೂ ಮರ್ಫಿ ಟೌನಿನ ಸಾಲುಮನೆಗಳೂ ಅಪರೂಪಕ್ಕೆ ಕಣ್ಣಿಗೆ ಬೀಳುತ್ತವೆ.

ಆದರೆ ಕೈಪಿಡಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಥೆ ಹೇಳುವ ಉಮೇದಿನಲ್ಲಿ ಐತಿಹ್ಯವನ್ನೂ ಚರಿತ್ರೆಯನ್ನೂ ಒಂದೇ ಬಟ್ಟಲಿಗೆ ಸುರಿಯುವುದು ಇದರ ದೊಡ್ಡ ದೋಷ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದು: ಬೇಯಿಸಿದ ಕಾಳು ತಿಂದ ರಾಜನಿಂದ ಊರಿಗೆ ಹೆಸರು ಬಂತೆನ್ನುವ ಕಥೆಯನ್ನು ನಡೆದ ಸಂಗತಿಯೆಂಬಂತೆ ಒಪ್ಪಿಸಿ, ಸುಮಾರು 890ರ ಬೇಗೂರು ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖ ಆಗಲೇ ಇದೆ ಎಂಬುದನ್ನು ಪ್ರಸ್ತಾಪಿಸದ ಪುಸ್ತಕದ ಮಿಕ್ಕ ಮಾತುಗಳನ್ನೂ ಅನುಮಾನದಿಂದಲೇ ಓದಬೇಕು. ಚಿತ್ರಗಳು ಅಂಚೆಚೀಟಿಯಷ್ಟಿರುತ್ತವೆ. ಮೆಟ್ರೋ ಕಾಮಗಾರಿ, ಏಕಮುಖ ಸಂಚಾರ, ಬದಲಾದ ಅಂಗಡಿಗಳಿಂದಾಗಿ ಕೆಲವೇ ವರ್ಷಗಳಲ್ಲಿ ದಾರಿ ತಿಳಿಸುವ ಪುಟಗಳು ಹಳತಾಗುತ್ತವೆ. ಅಗ್ಗದ ಅಂಟು ಬೈಂಡಿಂಗಿನ ಪುಸ್ತಕವಾದರೆ ಬೀದಿಯಲ್ಲಿ ಬಿಡಿಸಿ ಮಡಚಿ ಮಾಡುವುದರಲ್ಲೇ ಹಾಳೆಗಳು ಬಿಟ್ಟುಕೊಳ್ಳುತ್ತವೆ.

ಸ್ವಾತಂತ್ರ್ಯದ ಆಸುಪಾಸಿನ ಮತ್ತು ಆಮೇಲಿನ ಕಟ್ಟಡಗಳ ಮಟ್ಟಿಗೆ ಮೂರೂ ಬಗೆಗಳು ಜಿಪುಣವೇ. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಓಟೊ ಕೋನಿಗ್ಸ್‌ಬರ್ಗರ್ ಅವರ ಕಟ್ಟಡಗಳಿಗೆ ನಕ್ಷೆಯ ಪುಸ್ತಕಗಳಲ್ಲಿ ಅಲ್ಪಸ್ವಲ್ಪ ಜಾಗ ಸಿಕ್ಕಿದೆ. ಸಂಪುಟಗಳು ಮಾತ್ರ ವಿಧಾನಸೌಧಕ್ಕೆ ಬಂದು ನಿಂತುಬಿಡುತ್ತವೆ. ಬಿ.ವಿ. ದೋಶಿ ಅವರು ವಿನ್ಯಾಸಗೊಳಿಸಿದ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣ ಸಂಪುಟಗಳಿಗೆ ಸೊಗಸಾದ ವಿಷಯವಾಗಬಹುದಿತ್ತು. ಕಲ್ಲಿನ ಗೋಡೆಗಳ ನಡುವಿನ ಉದ್ದನೆಯ ಓಣಿಗಳಲ್ಲಿ ಹೊತ್ತು ಏರಿದಂತೆ ನೆರಳು ಬದಲಾಗುವುದನ್ನು ಹಿಡಿಯಲು ನಕ್ಷೆ ಸಾಲದು, ಕ್ಯಾಮೆರಾವೇ ಬೇಕು.

ಮನೆ ಕಟ್ಟಿಸುವವರು, ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು ನಕ್ಷೆಯ ಪುಸ್ತಕಕ್ಕೇ ಹಣ ಹಾಕಬೇಕು. ನಾನು ಒಂದನ್ನೇ ಇಟ್ಟುಕೊಳ್ಳಬೇಕಾದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಊರು ಬಿಟ್ಟು ದೂರದಲ್ಲಿರುವವರಿಗೆ ಉಡುಗೊರೆಯಾಗಿ ಸಂಪುಟ ಒಪ್ಪುತ್ತದೆ, ಅಂಚೆಯ ಖರ್ಚನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿಗೆ ಹೊಸದಾಗಿ ಬಂದವರಿಗೂ, ಇಲ್ಲೇ ಹುಟ್ಟಿ ಪೇಟೆಗೆ ಕಾಲಿಡದವರಿಗೂ ಕೈಪಿಡಿಯೇ ಸರಿ. ಹೊಸ ಪ್ರತಿ ಸಿಗದಿದ್ದರೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಬಹುದು. ಅಲ್ಲಿ ಕೊಳ್ಳುವಾಗ ಹೊರಗಿನ ರಟ್ಟಿಗಿಂತ ಕೊನೆಯ ಪುಟಗಳನ್ನು ಬಿಡಿಸಿ ನೋಡಬೇಕು; ಮಡಚಿ ಅಂಟಿಸಿದ ಭೂಪಟವನ್ನು ಹಿಂದಿನವರು ಕಿತ್ತುಕೊಂಡಿರುವುದುಂಟು, ಅದಿಲ್ಲದ ಪ್ರತಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳಬಾರದು.