ಕಾಶಿಗೆ ಇಡೀ ಮನೆ: ಒಂದು ಟಿಟಿಯೋ, ನಾಲ್ಕು ಕಾರೋ?

ಗಂಗಾವತಿಯಿಂದ ಕಾಶಿಗೆ ರಸ್ತೆಯಲ್ಲಿ ಸುಮಾರು 1,600 ಕಿ.ಮೀ. ರಾಯಚೂರು, ಹೈದರಾಬಾದ್, ನಾಗಪುರ, ಜಬಲ್ಪುರ, ಪ್ರಯಾಗರಾಜ್ ಮೇಲೆ ಹೋಗಬೇಕು. ಒಮ್ಮೆ ಇಡೀ ಮನೆಯವರು ಒಂದೇ ಟೆಂಪೋ ಟ್ರಾವೆಲರ್ (ಟಿಟಿ) ಹತ್ತಿ ಹೋಗಿದ್ದೆವು, ಇನ್ನೊಮ್ಮೆ ನಾಲ್ಕು ಸ್ವಂತ ಕಾರುಗಳಲ್ಲಿ. ಅಜ್ಜಿಯಿಂದ ಹಿಡಿದು ಎಲ್‌ಕೆಜಿ ಮಗುವಿನ ತನಕ ಇಪ್ಪತ್ತರ ಮೇಲೆ ಜನ. ಈಗ ನೆಂಟರಿಷ್ಟರೆಲ್ಲ ಯಾವುದು ಚಲೋ ಅಂತ ಕೇಳುತ್ತಿರುವುದರಿಂದ ಬರೆದೇ ಇಡುತ್ತಿದ್ದೇನೆ.

ಕ್ರೂಸರ್ ಜೀಪಿನ ಮಾತು ಮೊದಲೇ ಮುಗಿಸಿಬಿಡೋಣ. ಹುಲಿಗಿಗೆ, ಅಂಜನಾದ್ರಿಗೆ, ಸಿಂಧನೂರಿನ ಮದುವೆಗೆ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಆದರೆ ಹಿಂದಿನ ಎದುರುಬದುರು ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರೆ ಹೈದರಾಬಾದ್ ಮುಟ್ಟುವುದರೊಳಗೇ ಸೊಂಟ ಹಿಡಿಯುತ್ತದೆ. ಕಾಶಿ ದೂರದ ಮಾತು.

ಖರ್ಚಿನಲ್ಲಿ ಟಿಟಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ನಿಜ. ನಮಗೆ ಕಿ.ಮೀ.ಗೆ 22 ರೂಪಾಯಿಗೆ ಒಪ್ಪಿದ್ದರು, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ (ದಿನದ ಭತ್ಯೆ) ಬೇರೆ. ಓಡುವ ದಿನ ಇದು ತಟ್ಟುವುದಿಲ್ಲ. ಕಾಶಿಯಲ್ಲಿ ನಾವು ಇಳಿದುಕೊಂಡದ್ದು ಜಂಗಮವಾಡಿ ಮಠದಲ್ಲಿ. ಗೋದೌಲಿಯಾ ಸುತ್ತಿನ ಓಣಿಗಳಲ್ಲಿ ಟಿಟಿ ನುಗ್ಗುವ ಪ್ರಶ್ನೆಯೇ ಇಲ್ಲ, ದೂರ ನಿಲ್ಲಿಸಿ ಇ-ರಿಕ್ಷಾ ಹತ್ತಬೇಕು. ಅಂದರೆ ನಾವು ಗಂಗಾಸ್ನಾನ ಮಾಡುತ್ತಿದ್ದಷ್ಟೂ ದಿನ ಟಿಟಿ ನಿಂತಲ್ಲೇ 300 ಕಿ.ಮೀ. ಓಡುತ್ತಿತ್ತು, ದಿನಕ್ಕೆ 6,600 ರೂಪಾಯಿ. ಇದನ್ನು ಮೊದಲೇ ಮಾತಾಡಿ ಹಾಲ್ಟ್ ದಿನಕ್ಕೆ ಬೇರೆ ದರ ಹೇಳಿಸಿಕೊಳ್ಳಿ. ಬಾಡಿಗೆಯವರು ಕೊಸರಾಡುತ್ತಾರೆ, ಆದರೆ ಬಗ್ಗುತ್ತಾರೆ.

ಟೋಲ್ ಲೆಕ್ಕ ಬೇರೆ. ಹೆದ್ದಾರಿ ಶುಲ್ಕದ 2008ರ ನಿಯಮದಲ್ಲಿ ಕಿ.ಮೀ.ಗೆ ಮೂಲ ದರ ಕಾರಿಗೆ 65 ಪೈಸೆ, ಮಿನಿ ಬಸ್ಸಿಗೆ 1 ರೂಪಾಯಿ 5 ಪೈಸೆ. ಆಮೇಲೆ ದರ ಏರುತ್ತಲೇ ಬಂದಿದೆ, ಆದರೂ ಒಂದು ಟಿಟಿಯ ಟೋಲ್ ಒಂದೂವರೆ ಕಾರಿಗಿಂತ ತುಸು ಮೇಲೆ ಅಷ್ಟೇ. ನಾಲ್ಕು ಕಾರು ಒಯ್ದರೆ ನಾಲ್ಕು ಸಲ ಕತ್ತರಿ. ಆದರೆ 2025ರ ಆಗಸ್ಟ್ 15ರಿಂದ ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ: ಬಂದಾಗ 3,000 ರೂಪಾಯಿ ಇತ್ತು, ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವ ತನಕ, ಯಾವುದು ಮೊದಲೋ ಅದು. ಹಳದಿ ಬೋರ್ಡಿನ ಬಾಡಿಗೆ ಗಾಡಿಗೆ ಈ ಸೌಲಭ್ಯ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಮಾತ್ರ ನಡೆಯುತ್ತದೆ, ಹೈದರಾಬಾದಿನ ಔಟರ್ ರಿಂಗ್ ರೋಡಿಗೆ ಬೇರೆಯಾಗಿ ಕಟ್ಟಬೇಕು. ಎಲ್ಲ ಕೂಡಿಸಿ ತಲೆಗೆ ಹಂಚಿದರೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ವ್ಯತ್ಯಾಸ ಇದ್ದದ್ದು ನಿಲ್ಲಿಸುವುದರಲ್ಲಿ. ಟಿಟಿಯಲ್ಲಿ ಅಜ್ಜಿ “ತಮ್ಮಾ, ಒಂದೀಟು ನಿಲ್ಲಸಪ್ಪ” ಅಂದರೆ ಇಡೀ ಮನೆ ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು. ಕಾರುಗಳಲ್ಲಿ ಒಬ್ಬರು ಚಹಾಕ್ಕೆ ನಿಂತರೆ ಉಳಿದವರಿಗೆ ಫೋನ್ ಹೋಗಬೇಕು. “ಎಲ್ಲಿದ್ದೀರಿ?” “ಇಲ್ಲೇ ಅದೀವಿ ದೊಡ್ಡಪ್ಪ.” “ಇಲ್ಲೇ ಅಂದ್ರ ಎಲ್ಲಿ?” ರಿಂಗ್ ರೋಡಿನಲ್ಲಿ ಭಾವನವರ ಕಾರು ಮೇಡ್ಚಲ್ ಎಕ್ಸಿಟ್ ಬಿಟ್ಟು ಮುಂದೆ ಹೋಯಿತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ತಿರುಗಿ ಬರುವ ತನಕ ಉಳಿದ ಮೂರೂ ಕಾರು ಬಿಸಿಲಿಗೆ ನಿಂತವು. ಸಾಲದ್ದಕ್ಕೆ ಕಟಿರೊಟ್ಟಿಯ ಗಂಟು ಭಾವನವರ ಡಿಕ್ಕಿಯಲ್ಲಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಮ್ಮಲ್ಲಿ! ಟಿಟಿಯಲ್ಲಿ ಈ ತಾಪತ್ರಯ ಇರಲಿಲ್ಲ. ಢಾಬಾದಲ್ಲಿ ಮೊಸರು ಕೊಂಡರೆ ಸಾಕು, ಚಿಗವ್ವ ನಡುವಿನ ಸೀಟಿನಲ್ಲಿ ಕೂತು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಮುಂದಕ್ಕೊಂದು ಹಿಂದಕ್ಕೊಂದು ದಾಟಿಸುತ್ತಿದ್ದಳು.

ಹುಡುಗರ ತಕರಾರು ವೇಗದ್ದು. ಟಿಟಿಗೆ ವೇಗ ನಿಯಂತ್ರಕ ಇರುತ್ತದೆ, 80 ದಾಟುವುದಿಲ್ಲ. ಕಾರು ನೂರರಲ್ಲಿ ಹೋಗಿ ಮುಂದೆಲ್ಲೋ ಉಳಿದವರಿಗೆ ಕಾಯುತ್ತಾ ನಿಲ್ಲುತ್ತದೆ. ನಾಗಪುರ ಮುಟ್ಟಿದ ಹೊತ್ತು ಎರಡೂ ಸಲ ಹೆಚ್ಚುಕಡಿಮೆ ಒಂದೇ. ಸುಸ್ತು ಮಾತ್ರ ಒಂದೇ ಅಲ್ಲ: ಕಾರು ಓಡಿಸಿದ ತಮ್ಮಂದಿರು ರೂಮಿಗೆ ಬಂದವರೇ ಅಡ್ಡಾದರು, ಊಟಕ್ಕೂ ಏಳಲಿಲ್ಲ.

ಹಾಗಂತ ಟಿಟಿಯನ್ನು ಹೊಗಳುತ್ತಾ ಕೂರಲಾರೆ. ಕೊನೆಯ ಸಾಲಿನ ಸೀಟು ಹಿಂದಿನ ಗಾಲಿಗಿಂತಲೂ ಹಿಂದಿರುವುದರಿಂದ ಪ್ರತಿ ಉಬ್ಬಿಗೂ ಕೂತವರನ್ನು ಎತ್ತಿ ಒಗೆಯುತ್ತದೆ. ವಾಂತಿ ಬರುವವರನ್ನು ಅಲ್ಲಿ ಕೂರಿಸಲೇಬೇಡಿ, ಲಿಂಬೆಹಣ್ಣು ಮೂಸಿದರೂ ನಿಲ್ಲುವುದಿಲ್ಲ. ಇನ್ನು ಗಾಡಿ ಕೆಟ್ಟರೆ ಎಲ್ಲರೂ ಅಲ್ಲೇ. ಆದಿಲಾಬಾದಿನ ಹತ್ತಿರ ಬೆಲ್ಟ್ ಹರಿದು, ಡ್ರೈವರ್ ಯಾರದೋ ಬೈಕ್ ಹತ್ತಿ ಬೆಲ್ಟ್ ತರಲು ಹೋದ. ಅಜ್ಜಿಗೆ ಬಿಪಿ ಗುಳಿಗೆ ಬೇಕಾಗಿತ್ತು, ಅದಿದ್ದ ಬ್ಯಾಗು ಮೇಲಿನ ಕ್ಯಾರಿಯರ್‌ನಲ್ಲಿ ತಾಡಪತ್ರಿ ಕೆಳಗೆ, ಹಗ್ಗದ ಗಂಟು ಬಿಚ್ಚಲು ಬರುತ್ತಿದ್ದವನು ಆ ಡ್ರೈವರ್ ಒಬ್ಬನೇ.

ಹೀಗಾಗಿ ನನ್ನ ಓಟು ಎರಡಕ್ಕೂ ಅಲ್ಲ: ಒಂದು ಟಿಟಿ, ಅದರ ಹಿಂದೆ ಒಂದು ಕಾರು. ಒಂದೇ ಕಾರಾದ್ದರಿಂದ ತಪ್ಪಿಸಿಕೊಳ್ಳುವ ಗೋಜಿಲ್ಲ, ಅದರ ಎದುರಿಗೆ ಟಿಟಿಯೇ ಇರುತ್ತದೆ. ಔಷಧಿ ಅಂಗಡಿ, ಆಸ್ಪತ್ರೆ, ಪಂಚರ್, ಊರೊಳಗಿನ ಓಡಾಟ ಎಲ್ಲಕ್ಕೂ ಅದು ಕೈಗೆ ಸಿಗುತ್ತದೆ. ರಾಮೇಶ್ವರಕ್ಕೆ ಹೀಗೇ ಹೋಗಿಬಂದೆವು, ದೊಡ್ಡಪ್ಪನೂ ತಕರಾರು ಎತ್ತಲಿಲ್ಲ.

ಟಿಟಿ ಗೊತ್ತುಮಾಡುವಾಗ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಕಣ್ಣಾರೆ ನೋಡಿ. ಅಗ್ಗಕ್ಕೆ ಸಿಗುತ್ತದೆಂದು ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಡಿ, ಏನಾದರೂ ಆದರೆ ವಿಮೆಯವರು ಕೈಯೆತ್ತುತ್ತಾರೆ. ಇಬ್ಬರು ಡ್ರೈವರ್‌ಗಳನ್ನು ಕೇಳಿ, ಬಾಟಾ ಹೆಚ್ಚಾದರೂ ಪರವಾಗಿಲ್ಲ. ಮನೆಯಲ್ಲಿ ಹತ್ತು-ಹನ್ನೆರಡು ಜನರೊಳಗೇ ಇದ್ದರೆ ಇಷ್ಟೆಲ್ಲ ಪಂಚಾಯಿತಿ ಬೇಡ, ಎರಡು ಕಾರು ತಗೊಂಡು ಹೊರಡಿ. ಆದರೆ ರೊಟ್ಟಿಯನ್ನೂ ಚಟ್ನಿಯನ್ನೂ ಎರಡರಲ್ಲೂ ಇಡಿ.