ಎಚ್‌ಡಿ 650ಕ್ಕೆ ಮೂರು ಜೊತೆ ಪ್ಯಾಡ್ ಹಾಕಿ ಕೇಳಿದೆ

ಹೋದ ಮಳೆಗಾಲದಲ್ಲಿ ನನ್ನ ಸೆನ್‌ಹೈಸರ್ ಎಚ್‌ಡಿ 650 ಮಾರಿಬಿಡೋಣ ಅಂತ ಜಾಹೀರಾತು ಬರೆದಿಟ್ಟಿದ್ದೆ. ನಾಲ್ಕು ವರ್ಷ ದಿನಾ ರಾತ್ರಿ ಕೇಳಿದ ಹೆಡ್‌ಫೋನ್ ಅದು. ಆದರೆ ಕೊನೆಯ ಒಂದು ವರ್ಷದಿಂದ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಭಾಗವತರ ದನಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಚೆಂಡೆಯ ಪೆಟ್ಟು ಕೇಳುತ್ತದೆ, ಕೋಲು ಚರ್ಮಕ್ಕೆ ತಾಗುವ ಆ ಚುರುಕು ಮಾತ್ರ ಇಲ್ಲ. ಆಂಪ್ಲಿಫೈಯರ್ ಬದಲಿಸಿ ನೋಡಿದೆ, ಕೇಬಲ್ ಬದಲಿಸಿ ನೋಡಿದೆ, ಕೊನೆಗೆ ನನ್ನ ಕಿವಿಯೇ ಮಂದವಾಯಿತೇನೋ ಅಂತಲೂ ಹೆದರಿದೆ.

ಜಾಹೀರಾತಿಗೆ ಬದಿಯಿಂದ ಫೋಟೋ ತೆಗೆಯುವಾಗ ಕಣ್ಣಿಗೆ ಬಿತ್ತು. ಹೊಸದರಲ್ಲಿ ಇಡ್ಲಿಯ ಹಾಗೆ ಉಬ್ಬಿಕೊಂಡಿದ್ದ ಪ್ಯಾಡ್, ಅಂದರೆ ಕಿವಿಯ ಸುತ್ತ ಕೂರುವ ಮೆತ್ತೆ, ಈಗ ನೀರುದೋಸೆಯಷ್ಟು ತೆಳ್ಳಗೆ. ಹಾಕಿಕೊಂಡರೆ ಕಿವಿಯ ಅಂಚು ಒಳಗಿನ ಸ್ಪಂಜಿಗೆ ತಾಗುತ್ತಿತ್ತು. ನಾಲ್ಕು ವರ್ಷದಲ್ಲಿ ಸ್ವಲ್ಪಸ್ವಲ್ಪವೇ ಆದದ್ದು, ಹಾಗಾಗಿ ನನಗೆ ಗೊತ್ತೇ ಆಗಿರಲಿಲ್ಲ.

ಮಾರುವುದನ್ನು ಅಲ್ಲಿಗೇ ನಿಲ್ಲಿಸಿ ಪ್ಯಾಡ್ ಹುಡುಕಲು ಶುರುಮಾಡಿದೆ. ಒಂದರ ಹಿಂದೆ ಒಂದರಂತೆ ಮೂರು ಜೊತೆ ತಂದೆ. ಒಂದು ಅಗ್ಗದ ವೆಲೂರ್ (ಮಖಮಲ್ಲಿನಂಥ ಬಟ್ಟೆ), ಒಂದು ಕುರಿ ಚರ್ಮದ್ದು, ಕೊನೆಗೆ ಕಂಪನಿಯದೇ ಒರಿಜಿನಲ್. ಮೊದಲು ಒರಿಜಿನಲ್ ತಂದಿದ್ದರೆ ದುಡ್ಡು ಉಳಿಯುತ್ತಿತ್ತು ನಿಜ. ಆದರೆ ಈ ಮೂರನ್ನೂ ಕೇಳಿದ್ದರಿಂದಲೇ ಪ್ಯಾಡ್ ಎಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು.

ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಮದ್ದಳೆಯ ಮರ ಅದೇ ಇರಲಿ, ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಬದಲಾದರೆ ನಾದ ಬದಲಾಗುತ್ತದೆ ಅಲ್ವಾ? ಎಡಗಡೆಗೆ ಬೋನದ ಲೇಪ ಹಚ್ಚಿದರೆ ಒಂದು ಥರ, ಹಚ್ಚದಿದ್ದರೆ ಇನ್ನೊಂದು ಥರ. ಹೆಡ್‌ಫೋನಿಗೆ ಪ್ಯಾಡ್ ಕೂಡ ಹಾಗೇ. ಡ್ರೈವರ್, ಅಂದರೆ ಒಳಗೆ ದನಿ ಹೊರಡಿಸುವ ಪುಟ್ಟ ಸ್ಪೀಕರ್, ಕಿವಿಯಿಂದ ಎಷ್ಟು ದೂರ ಇರಬೇಕು, ಯಾವ ಕೋನದಲ್ಲಿ ಇರಬೇಕು, ಮಧ್ಯದ ಜಾಗದಲ್ಲಿ ಗಾಳಿ ಎಷ್ಟು ಇರಬೇಕು, ಅದರಲ್ಲಿ ಎಷ್ಟು ಸೋರಿಹೋಗಬೇಕು, ಎಲ್ಲ ತೀರ್ಮಾನ ಆಗುವುದು ಅಲ್ಲೇ. ಎಚ್‌ಡಿ 650ಯಂಥ ಓಪನ್ ಬ್ಯಾಕ್ ಹೆಡ್‌ಫೋನಿನಲ್ಲಿ ಹಿಂದಿನ ಬದಿ ತೆರೆದಿರುತ್ತದೆ. ಡ್ರೈವರಿನ ಮುಂದೆ ಹೊರಡುವ ಅಲೆ ಮತ್ತು ಹಿಂದೆ ಹೊರಡುವ ಅಲೆ ಒಂದಕ್ಕೊಂದು ಉಲ್ಟಾ. ಪ್ಯಾಡಿನ ಬದಿಯಿಂದ ಗಾಳಿ ಸೋರಿದಷ್ಟೂ ಅವೆರಡೂ ಸೇರಿ ಬೇಸ್, ಅಂದರೆ ತಗ್ಗಿನ ನಾದ, ಕರಗಿಹೋಗುತ್ತದೆ. ಕನ್ನಡಕದ ಕಡ್ಡಿ ಮಾಡುವ ಸಣ್ಣ ಸಂದು ಕೂಡ ಇದಕ್ಕೆ ಸಾಕು.

ಈಗ ಅಗ್ಗದ ಜೊತೆ. ಮಾರಿದವರ ಹೆಸರು ಬೇಡ. "ಎಚ್‌ಡಿ 600, 650ಕ್ಕೆ ಸರಿಯಾಗಿ ಕೂರುತ್ತದೆ" ಅಂತ ಬರೆದಿದ್ದರು, ಬೆಲೆ ಒರಿಜಿನಲ್‌ನ ಕಾಲು ಭಾಗವೂ ಇಲ್ಲ. ಕೈಗೆ ಮೆತ್ತಗಿತ್ತು, ನೋಡಲು ಚೆನ್ನಾಗಿತ್ತು. ಈ ಹೆಡ್‌ಫೋನಿನಲ್ಲಿ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಬಳೆ ಇರುತ್ತದೆ, ಸುತ್ತಲೂ ಒತ್ತಿದರೆ ಟಕ್ ಟಕ್ ಅಂತ ಕೂರಬೇಕು. ಇದು ಎಡಗಡೆ ಕೆಳಭಾಗದಲ್ಲಿ ಕೂರಲೇ ಇಲ್ಲ. ಕೂದಲೆಳೆಯಷ್ಟು ಸಂದು. ಅಷ್ಟಕ್ಕೇ ಎಡಗಡೆ ಬೇಸ್ ಕಡಿಮೆ, ಹಾಡುವವರು ಬಲಕ್ಕೆ ಸರಿದು ಕೂತ ಹಾಗೆ. ಸಂದು ಇಲ್ಲದ ಬಲಗಡೆಯಲ್ಲೂ ನಾದ ಬೇರೆಯೇ ಇತ್ತು. ಪ್ಯಾಡ್ ಒರಿಜಿನಲ್‌ಗಿಂತ ದಪ್ಪ, ಒಳಗಿನ ಫೋಮ್ ಗಟ್ಟಿ, ಡ್ರೈವರ್ ಕಿವಿಯಿಂದ ತುಂಬಾ ದೂರ ಹೋಯಿತು. ದನಿ ತೆಳ್ಳಗಾಗಿ ಸ, ಶ ಅಕ್ಷರಗಳು ಚುಚ್ಚತೊಡಗಿದವು. ಜಾಗಟೆ ಹೊಡೆದಾಗಲೆಲ್ಲ ವಾಲ್ಯೂಮ್ ಇಳಿಸುತ್ತಿದ್ದೆ. ನಾಲ್ಕನೇ ದಿನ ತೆಗೆಯುವಾಗ ಬಳೆಯ ಒಂದು ಕೊಕ್ಕೆ ಮುರಿಯಿತು, ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ಕುರಿ ಚರ್ಮದ್ದು ಇದಕ್ಕಿಂತ ಎಷ್ಟೋ ಒಳ್ಳೆಯ ವಸ್ತು. ಹೊಲಿಗೆ ನೀಟಾಗಿದೆ, ಬಳೆ ಸರಿಯಾಗಿ ಕೂರುತ್ತದೆ. ಮೊದಲ ರಾತ್ರಿ ನನಗೆ ತುಂಬಾ ಇಷ್ಟವೂ ಆಯಿತು. ಯಾಕೆಂದರೆ ಚರ್ಮ ಗಾಳಿ ಬಿಡುವುದಿಲ್ಲ, ವೆಲೂರ್ ಬಿಡುತ್ತದೆ. ಹಾಗಾಗಿ ಎಚ್‌ಡಿ 650ಯಲ್ಲಿ ಯಾವತ್ತೂ ಸ್ವಲ್ಪ ಕಡಿಮೆ ಅನ್ನಿಸುವ ಆಳದ ಬೇಸ್ ಇದ್ದಕ್ಕಿದ್ದಂತೆ ತುಂಬಿಕೊಂಡಿತು. ಮದ್ದಳೆಯ ಎಡಗಡೆಯ ಗುಮ್ಮೆನ್ನುವ ನಾದ ಎದೆಗೇ ಬಂದ ಹಾಗೆ. ಇನ್ನು ಇದನ್ನೇ ಹಾಕಿಕೊಂಡಿರೋಣ ಅಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಸುಸ್ತಾಯಿತು. ಬೇಸ್ ಹೆಚ್ಚಾಗಿದ್ದು ಆಳದಲ್ಲಿ ಮಾತ್ರ ಅಲ್ಲ, ಅದಕ್ಕಿಂತ ಮೇಲೆ ಗಂಡು ದನಿಯ ಬುಡ ಇರುವ ಜಾಗದಲ್ಲೂ ಊದಿಕೊಂಡಿತ್ತು. ಎಲ್ಲ ಗಾಯಕರಿಗೂ ನೆಗಡಿ ಹಿಡಿದ ಹಾಗೆ. ನನಗೆ ಇದು ಪಕ್ಕಾ ಗೊತ್ತಾದದ್ದು ತಂಬೂರಿಯಿಂದ. ಹೆಡ್‌ಫೋನ್ ಪರೀಕ್ಷೆಗೆ ಬರೀ ತಂಬೂರಿಯ ರೆಕಾರ್ಡಿಂಗ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಂದು ತಂತಿ ಮೀಟಿದರೆ ಅದರ ಮೇಲೆ ಏಳುವ ಸಣ್ಣ ಸಣ್ಣ ನಾದಗಳು ಒಂದಾದ ಮೇಲೆ ಒಂದು ಬಿಚ್ಚಿಕೊಳ್ಳುತ್ತಾ ಹೋಗಬೇಕು, ಎಲ್ಲೂ ಉಬ್ಬು ತಗ್ಗು ಇರಬಾರದು. ಚರ್ಮದ ಪ್ಯಾಡಿನಲ್ಲಿ ಮಧ್ಯದ ಒಂದೆರಡು ನಾದ ಮಾತ್ರ ಎದ್ದು ನಿಂತವು, ಉಳಿದವು ಹಿಂದೆ ಸರಿದವು. ವೆಲೂರಿನ ಒಳಗೋಡೆ ಮೇಲಿನ ಸ್ವರಗಳನ್ನು ಸ್ವಲ್ಪ ಹೀರುತ್ತದೆ. ನುಣ್ಣನೆಯ ಚರ್ಮ ಅದನ್ನು ವಾಪಸ್ ಎಸೆಯುತ್ತದೆ. ಒಳಬದಿಯಲ್ಲಿ ಸಣ್ಣ ತೂತು ಇರುವ ಚರ್ಮದ ಪ್ಯಾಡುಗಳೂ ಬರುತ್ತವೆ, ಅವು ಇವೆರಡರ ನಡುವಿನ ದಾರಿ. ನಾನು ತಂದದ್ದರಲ್ಲಿ ತೂತು ಇರಲಿಲ್ಲ.

ಸೆಖೆಯ ವಿಷಯವೂ ಹೇಳಬೇಕು. ಮಂಗಳೂರಿನ ಏಪ್ರಿಲ್‌ನಲ್ಲಿ ಚರ್ಮದ್ದನ್ನು ಅರ್ಧ ಗಂಟೆ ಹಾಕಿಕೊಂಡರೆ ಕಿವಿಯ ಸುತ್ತ ಬೆವರು ಇಳಿಯುತ್ತದೆ. ಅಗ್ಗದ ಪ್ಯಾಡುಗಳ ಕೃತಕ ಚರ್ಮ ಇನ್ನೂ ಕಷ್ಟ, ತೇವದ ಹವೆಗೆ ಅದರ ಮೇಲಿನ ಪದರ ಪುಡಿಪುಡಿಯಾಗಿ ಕೆನ್ನೆಗೆ ಅಂಟುತ್ತದೆ. ಕರಾವಳಿಯಲ್ಲಿ ಇರುವವರು ಸುಮ್ನೆ ವೆಲೂರ್ ತೆಗೆದುಕೊಳ್ಳಿ.

ಕೊನೆಗೆ ಒರಿಜಿನಲ್ ಬಂತು. ಹಾಕಿದ ಕ್ಷಣದಲ್ಲಿ ಹೊಳೆದದ್ದು ಜಾಗ. ಭಾಗವತರು, ಮದ್ದಳೆ, ಚೆಂಡೆ, ಮೂರೂ ಬೇರೆ ಬೇರೆ ಕಡೆ ಕೂತರು. ಕಂಬಳಿ ಸರಿಯಿತು. ಮೊದಲೆರಡು ವಾರ ಪ್ಯಾಡ್ ಗಟ್ಟಿ ಇದ್ದು ದನಿ ಸ್ವಲ್ಪ ಜಾಸ್ತಿ ಮುಂದೆ ಬಂದ ಹಾಗಿತ್ತು, ಆಮೇಲೆ ಹದಕ್ಕೆ ಬಂತು.

ಇದು ಬರೀ ಹೊಸದರ ಖುಷಿಯಾ ಅಂತ ನನಗೂ ಅನುಮಾನ ಇತ್ತು. ಪ್ಯಾಡ್ ಬಿಚ್ಚಿ ಇನ್ನೊಂದು ಹಾಕುವಷ್ಟರಲ್ಲಿ ಎರಡು ನಿಮಿಷ ಹೋಗುತ್ತದೆ, ಅಷ್ಟು ಹೊತ್ತು ಕಿವಿ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಎಡಕ್ಕೆ ಹಳೆಯ ಚಪ್ಪಟೆ ಪ್ಯಾಡ್, ಬಲಕ್ಕೆ ಹೊಸದು ಹಾಕಿ, ಫೋನಿನಲ್ಲಿ ಮೋನೋ ಆನ್ ಮಾಡಿ ಒಂದೇ ದನಿ ಎರಡೂ ಕಡೆ ಬರುವ ಹಾಗೆ ಮಾಡಿದೆ. ಒಂದೇ ಮನುಷ್ಯ ಎಡಗಿವಿಯಲ್ಲಿ ಬಾಗಿಲ ಹಿಂದೆ, ಬಲಗಿವಿಯಲ್ಲಿ ಎದುರಿಗೆ. ಪ್ಯಾಡ್ ಅದಲುಬದಲು ಮಾಡಿದೆ, ವ್ಯತ್ಯಾಸವೂ ಪ್ಯಾಡಿನ ಜೊತೆಗೇ ಆ ಕಡೆ ಹೋಯಿತು. ಇಷ್ಟು ಸ್ಪಷ್ಟ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ. ನಿಮ್ಮಲ್ಲಿ ಹಳೆಯದು ಹೊಸದು ಎರಡೂ ಇದ್ದರೆ ಒಂದು ಸಲ ಖಂಡಿತ ಮಾಡಿ ನೋಡಿ.

ಹೊಸ ಪ್ಯಾಡ್ ಇಲ್ಲದಿದ್ದರೂ ಒಂದು ಅಂದಾಜು ಸಿಗುತ್ತದೆ. ಹಾಡು ಹಾಕಿ ಕಿವಿಯ ಮೇಲಿನ ಎರಡೂ ಕಪ್‌ಗಳನ್ನು ಮೆಲ್ಲಗೆ ತಲೆಗೆ ಒತ್ತಿ. ದನಿ ಬದಲಾಯಿತಲ್ಲ? ಕೆಲವೇ ಮಿಲಿಮೀಟರ್‌ಗೆ ಆದ ಬದಲಾವಣೆ ಅದು.

ಎಲ್ಲ ಹೆಡ್‌ಫೋನಿಗೂ ಇದೇ ಫಲ ಅಂದುಕೊಳ್ಳಬೇಡಿ. ನನ್ನ ಗೆಳೆಯನ ಹತ್ತಿರ ಗ್ರಾಡೋ ಎಸ್‌ಆರ್ 80 ಇದೆ, ಅದಕ್ಕೆ ಬರೀ ಸ್ಪಂಜಿನ ಪ್ಯಾಡ್. ಚಪ್ಪಟೆ ಸ್ಪಂಜು ಹಾಕಿದರೆ ಡ್ರೈವರ್ ಕಿವಿಗೆ ಒತ್ತಿಕೊಂಡು ಬೇಸ್ ಹೆಚ್ಚು, ಮೇಲಿನ ಸ್ವರ ಮೆದು. ಬಟ್ಟಲಿನ ಹಾಗೆ ಮಧ್ಯೆ ತೆರೆದಿರುವ ಸ್ಪಂಜು ಹಾಕಿದರೆ ಬಿಚ್ಚಿದ ದನಿ, ಆದರೆ ಚೆಂಡೆ ಕಿವಿ ಕೊರೆಯುತ್ತದೆ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414, ಓಪನ್ ಹೆಡ್‌ಫೋನುಗಳಿಗೆಲ್ಲ ಹಿರಿಯಣ್ಣ, ಅದರ ಹಳದಿ ಸ್ಪಂಜನ್ನು ಮಧ್ಯೆ ತೂತು ಕೊರೆದು ಗ್ರಾಡೋಗೆ ಹಾಕಿಕೊಳ್ಳುವವರೂ ಇದ್ದಾರೆ. ಅಲ್ಲಿ ಪ್ಯಾಡ್ ಬದಲಿಸಿ ಆಡುವುದೇ ಒಂದು ಸಂಭ್ರಮ. ಎಚ್‌ಡಿ 650 ಅಂಥದ್ದಲ್ಲ. 2003ರಿಂದ ಜನ ಇದನ್ನು ಇಷ್ಟಪಟ್ಟಿರುವುದು ಮನುಷ್ಯನ ದನಿಗಾಗಿ, ಆ ದನಿ ಅದರದೇ ಪ್ಯಾಡಿನ ಆಳ ಅಗಲಕ್ಕೆ ಹೊಂದಿಸಿದ್ದು.

ಇನ್ನೊಂದು. ಈ ಹೆಡ್‌ಫೋನಿಗೆ ಅಂತ ಅಂತರ್ಜಾಲದಲ್ಲಿ ಸಿಗುವ ಈಕ್ಯೂ ಸೆಟ್ಟಿಂಗ್ (ಯಾವ ಸ್ವರ ಎಷ್ಟು ಏರಿಸಬೇಕು ಇಳಿಸಬೇಕು ಅನ್ನುವ ಲೆಕ್ಕ) ಹಾಕಿಕೊಂಡಿದ್ದೀರಾ? ಬೇರೆ ಥರದ ಪ್ಯಾಡ್ ಹಾಕಿದರೆ ಆ ಲೆಕ್ಕ ತಪ್ಪುತ್ತದೆ, ತೀರಾ ಸವೆದ ಪ್ಯಾಡಿಗೂ ತಪ್ಪುತ್ತದೆ. ಪ್ಯಾಡಿನ ಒಳಗೆ ಡ್ರೈವರಿನ ಮುಂದೆ ಒಂದು ತೆಳ್ಳನೆಯ ಕಪ್ಪು ಸ್ಪಂಜು ಇದೆಯಲ್ಲ, ಅದನ್ನು ಕಸ ಅಂತ ಎಸೆಯಬೇಡಿ. ಮೇಲಿನ ಸ್ವರಗಳನ್ನು ಹದದಲ್ಲಿ ಇಡುವುದರಲ್ಲಿ ಅದಕ್ಕೂ ಪಾಲಿದೆ. ಹಳೆಯ ಪ್ಯಾಡನ್ನು ಉಗುರುಬೆಚ್ಚನೆಯ ನೀರಲ್ಲಿ ಸ್ವಲ್ಪ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿದೆ. ಬೆವರಿನ ಜಿಡ್ಡು ಹೋಯಿತು, ವೆಲೂರ್ ಮೆತ್ತಗಾಯಿತು, ಫೋಮ್ ಮಾತ್ರ ಮೊದಲಿನ ಎತ್ತರಕ್ಕೆ ಏಳಲಿಲ್ಲ.

ಚರ್ಮದ ಜೊತೆಯನ್ನು ಬೇಸ್ ಇಷ್ಟಪಡುವ ತಮ್ಮನಿಗೆ ಕೊಟ್ಟೆ, ಅವನು ಅದರಲ್ಲಿ ಸಿನಿಮಾ ನೋಡುತ್ತಾನೆ, ಅದಕ್ಕೆ ಚೆನ್ನಾಗಿದೆ ಅನ್ನುತ್ತಾನೆ. ನಾನು ಒರಿಜಿನಲ್‌ನದೇ ಇನ್ನೊಂದು ಜೊತೆ ಈಗಲೇ ತಂದು, ಬೂಸ್ಟು ಹಿಡಿಯದ ಹಾಗೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಡಬ್ಬಿಯ ಮೇಲೆ ಹೊಸ ಪ್ಯಾಡಿನ ದಪ್ಪವನ್ನು ಸ್ಕೇಲಿನಲ್ಲಿ ಅಳೆದು ಬರೆದಿದ್ದೇನೆ, ಆರು ತಿಂಗಳಿಗೊಮ್ಮೆ ಹಾಕಿಕೊಂಡಿರುವುದರ ಜೊತೆ ಹೋಲಿಸಿ ನೋಡಲು.