ಭಾವ ಗ್ಯಾರೇಜಲ್ಲಿ ಮಾಡಿದ ಇಳಕಲ್ ಸೀರೆ ಸ್ಕೀ, ಸ್ನೋಕ್ವಾಲ್ಮಿ ಇಳಿಜಾರಲ್ಲಿ ಹೆಂಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಇದು ಅಂಗಡೀಲಿ ಸಿಗೋ ಮಾಲಲ್ಲ. ಸಿಯಾಟಲ್ ಹತ್ರ ಇರೋ ನಮ್ಮ ಭಾವ ಗ್ಯಾರೇಜಲ್ಲಿ ಮಾಡಿರೋ ಸ್ಕೀ (ಹಿಮದ ಮೇಲೆ ಜಾರೋಕೆ ಕಾಲಿಗೆ ಹಾಕ್ಕೊಳೋ ಉದ್ದನೆ ಹಲಗೆ ಜೋಡಿ), ಮಾರೋಕಲ್ಲ, ಅದಕ್ಕೆ ಎಲ್ಲಿ ಸಿಗುತ್ತೆ ಅಂತ ಕೇಳ್ಬೇಡಿ. ಆದ್ರೂ ಬರೀತಿರೋದ್ಯಾಕೆ ಅಂದ್ರೆ ಇಲ್ಲಿ ವಾಷಿಂಗ್ಟನ್ ಕಡೆ ನಮ್ಮೋರು ಸುಮಾರು ಜನ ಮಕ್ಕಳ ನೆಪದಲ್ಲಿ ತಾವೂ ಸ್ಕೀ ಕಲೀತಿದಾರೆ, ಅದ್ರಲ್ಲಿ ಮರಗೆಲಸದ ಹುಚ್ಚಿರೋ ಒಬ್ಬಿಬ್ರು "ನಾವೇ ಮಾಡ್ಕೊಂಡ್ರೆ ದುಡ್ಡು ಉಳಿಯಲ್ವಾ" ಅಂತ ಕೇಳ್ತಾನೇ ಇರ್ತಾರೆ. ಉಳಿಯಲ್ಲ. ಅದನ್ನ ಆಮೇಲೆ ಹೇಳ್ತೀನಿ. ಅಕ್ಕ ಇದನ್ನ ಓದೇ ಓದ್ತಾಳೆ ಅಂತಾನೂ ಗೊತ್ತು, ಆದ್ರೂ ಇದ್ದದ್ದು ಇದ್ದಂಗೆ ಬರೀತೀನಿ.

ಸ್ಕೀ ಅಂದ್ರೆ ಬರೀ ಹಲಗೆ ಅಂದ್ಕೊಂಡಿರೋರಿಗೆ ಸ್ವಲ್ಪ ಒಳಗಿನ ಕಥೆ. ನಡುವೆ ಮರ, ಭಾವ ಹಾಕಿರೋದು ಆಶ್ ಮತ್ತು ಪಾಪ್ಲರ್ ಮರದ ಪಟ್ಟಿಗಳನ್ನ ಪಕ್ಕಪಕ್ಕ ಅಂಟಿಸಿದ್ದು, ಪಾಪ್ಲರ್ ಹಗುರ, ಆಶ್ ಗಟ್ಟಿ, ಸ್ಕ್ರೂ ಹಿಡಿಯೋಕೂ ಒಳ್ಳೇದು. ಅದನ್ನ ರೂಟರ್ ಅನ್ನೋ ಮರ ಕೆತ್ತೋ ಮಷೀನಲ್ಲಿ ಕೆತ್ತಿ ಪಾದದ ಕೆಳಗೆ 11 ಮಿ.ಮೀ., ತುದೀಲಿ 2 ಮಿ.ಮೀ. ಮಾಡಿದಾರೆ. ಮರದ ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ತಳಕ್ಕೆ ಜಾರೋ ಪಾಲಿಥೀನ್ ಹಾಳೆ, ಅಂಚಿಗೆ ಸುತ್ತ ಉಕ್ಕಿನ ಎಡ್ಜ್, ಎಲ್ಲಾನೂ ಎಪಾಕ್ಸಿ ಅಂಟು ಸುರಿದು ಒಟ್ಟಿಗೆ ಒತ್ತೋದು. ಒತ್ತೋಕೆ ಮಷೀನ್ ಎಲ್ಲಿಂದ ಬರ್ಬೇಕು, ಫೈರ್ ಎಂಜಿನ್ನಿನ ಹಳೇ ಕ್ಯಾನ್ವಾಸ್ ಪೈಪನ್ನ ಎರಡು ಉಕ್ಕಿನ ತೊಲೆಗಳ ಮಧ್ಯೆ ಇಟ್ಟು ಕಂಪ್ರೆಸರಲ್ಲಿ ಗಾಳಿ ತುಂಬ್ಸಿದ್ರೆ ಅದೇ ಪ್ರೆಸ್ಸು. ನೋಡಿದ್ರೆ ನಗು ಬರುತ್ತೆ, ಆದ್ರೆ ಮನೇಲಿ ಸ್ಕೀ ಮಾಡೋರು ಬಹಳಷ್ಟು ಜನ ಮಾಡೋದೇ ಹಿಂಗೆ.

ಇದ್ರಲ್ಲಿ ಹುಚ್ಚುತನ ಏನೂ ಇಲ್ಲ ಅನ್ನೋಕೆ ಒಂದು ಮಾತು. 1940ರ ದಶಕದ ಕೊನೇಲಿ ಹೋವರ್ಡ್ ಹೆಡ್ ಅನ್ನೋ ವಿಮಾನ ಕಾರ್ಖಾನೆ ಎಂಜಿನಿಯರ್ ಅಲ್ಯೂಮಿನಿಯಂ ಸ್ಯಾಂಡ್‌ವಿಚ್ ಸ್ಕೀ ಮಾಡಿ ವರ್ಮಾಂಟ್‌ನ ಸ್ಟೋ ಬೆಟ್ಟಕ್ಕೆ ತಗೊಂಡು ಹೋದ್ರೆ ಅಲ್ಲಿನ ಕೋಚ್‌ಗಳು ಕೈಯಲ್ಲೇ ಬಗ್ಗಿಸಿ, ಹತ್ತಿ ಜಾರಿ ಲಟಲಟ ಮುರಿದು ವಾಪಸ್ ಕೊಟ್ರಂತೆ, ಅವ್ರು ಮತ್ತೆ ಮಾಡ್ಕೊಂಡು ಬಂದ್ರು, ಮತ್ತೆ ಮುರಿದ್ರು, 1950ರ ಹೊತ್ತಿಗೆ ಮುರೀದೇ ಇರೋದು ಬಂತು. ಇವತ್ತಿನ ಹೆಡ್ ಕಂಪನಿ ಅದೇ.

ಈಗ ಅಂದ. ಭಾವನ ಸ್ಕೀ ಮೇಲೆ ಕಂಪನಿ ಗ್ರಾಫಿಕ್ಸ್ ಇಲ್ಲ, ಅಮ್ಮನ ಹಳೇ ಇಳಕಲ್ ಸೀರೆ ಇದೆ! ಮೈ ಭಾಗ ನಡುವಲ್ಲಿ, ಮುಂದಿನ ತುದೀಗೆ ಟೋಪಿ ತೆನಿ ಸೆರಗು, ಕೆಂಪು ಮೇಲೆ ಬಿಳಿ ತೆನೆ. ಎಪಾಕ್ಸಿ ಕುಡಿದ ಮೇಲೆ ಬಟ್ಟೆ ಬಣ್ಣ ಒಂದು ಪಟ್ಟು ಗಾಢ ಆಗಿದೆ, ಒದ್ದೆ ಸೀರೆ ಹೆಂಗೆ ಕಾಣುತ್ತೋ ಹಂಗೆ. ಬಲಗಡೆ ಸ್ಕೀ ತುದೀಲಿ ಸೆರಗಿನ ಕೆಳಗೆ ಸಾಸಿವೆ ಕಾಳಷ್ಟು ಗಾಳಿ ಗುಳ್ಳೆಗಳು ನಾಕೈದು ಸಿಕ್ಕಾಕೊಂಡಿವೆ, ಹತ್ರದಿಂದ ನೋಡಿದ್ರೆ ಮಾತ್ರ ಗೊತ್ತಾಗುತ್ತೆ. ಲಿಫ್ಟ್ ಸಾಲಲ್ಲಿ ಕೇಳದೇ ಇದ್ದೋರೇ ಇಲ್ಲ. ಅಂದಕ್ಕೆ ಪೂರ್ತಿ ಮಾರ್ಕ್ಸು.

ಬೈಂಡಿಂಗ್, ಅಂದ್ರೆ ಬೂಟನ್ನ ಸ್ಕೀಗೆ ಹಿಡಿಯೋ ಕೊಂಡಿ, ಕೂರಿಸೋದೇ ದೊಡ್ಡ ರಗಳೆ ಆಯ್ತು. ಒಂದು ಅಂಗಡಿಯವ್ರು ಮನೇಲಿ ಮಾಡಿದ ಸ್ಕೀ ಅಂದ ತಕ್ಷಣ ಮುಟ್ಟಲ್ಲ ಅಂದ್ರು, ನಾಳೆ ಕಿತ್ಕೊಂಡು ಬಂದ್ರೆ ಯಾರು ಜವಾಬ್ದಾರಿ ಅಂತ. ಅವ್ರದ್ದೂ ತಪ್ಪಿಲ್ಲ ಬಿಡಿ. ಕೊನೆಗೆ ಭಾವಾನೇ ಪೇಪರ್ ಟೆಂಪ್ಲೇಟ್ ಅಂಟಿಸಿ 3.5 ಮಿ.ಮೀ. ಬಿಟ್‌ನಲ್ಲಿ ತೂತು ಹೊಡೆದ್ರು (ಒಳಗೆ ಲೋಹದ ಹಾಳೆ ಇರೋ ಸ್ಕೀಗಾದ್ರೆ 4.1 ಬೇಕು), ಆಳ 9 ಮಿ.ಮೀ. ಮೀರದ ಹಂಗೆ ಬಿಟ್‌ಗೆ ತಡೆ ಹಾಕ್ಕೊಂಡು. ಮುಂದೆ ಹಿಂದೆ ಸರಿಸೋ ಥರದ ಬೈಂಡಿಂಗ್ ಆಗಿದ್ರಿಂದ ನನ್ನ ಬೂಟೂ ಕೂತ್ಕೊಳ್ತು, ಬಿಡುಗಡೆ ಸೆಟ್ಟಿಂಗ್ (ಬಿದ್ದಾಗ ಎಷ್ಟು ಬಲಕ್ಕೆ ಬೂಟು ಕಳಚ್ಕೋಬೇಕು ಅನ್ನೋದು) ಮಾತ್ರ ನನ್ನ ತೂಕಕ್ಕೆ ಕಮ್ಮಿ ಮಾಡಿಸ್ಕೊಂಡೆ. ಯಾರ್ದೋ ಸ್ಕೀ ಹಾಕ್ಕೊಳೋ ಮುಂಚೆ ಅದೊಂದನ್ನ ಮರೀಬೇಡಿ, ಮೊಣಕಾಲು ನಿಮ್ದು.

ಸಿಯಾಟಲಿಂದ ಐ-90 ಹೆದ್ದಾರೀಲಿ ಒಂದು ಗಂಟೆ ಹೋದ್ರೆ ಸ್ನೋಕ್ವಾಲ್ಮಿ ಪಾಸ್. ಎತ್ತರ ಕಮ್ಮಿ, ಸುಮಾರು 3,000 ಅಡಿ, ಸಮುದ್ರನೂ ಹತ್ರ, ಹಂಗಾಗಿ ಹಿಮ ಒದ್ದೆ, ಭಾರ. ಇಲ್ಲಿನೋರು ಅದಕ್ಕೆ ಕ್ಯಾಸ್ಕೇಡ್ (ಇಲ್ಲಿನ ಬೆಟ್ಟಸಾಲಿನ ಹೆಸರು) ಕಾಂಕ್ರೀಟ್ ಅಂತಾನೇ ಅನ್ನೋದು. ಬೆಳಿಗ್ಗೆ ಸಮಿಟ್ ವೆಸ್ಟ್ ಕಡೆ ಸುಲಭದ ಇಳಿಜಾರಲ್ಲಿ ಶುರು ಮಾಡಿದ್ವಿ, ರಾತ್ರಿ ಗಟ್ಟಿಯಾಗಿದ್ದ ಹಿಮ ಇನ್ನೂ ಬಿಟ್ಟಿರ್ಲಿಲ್ಲ. ನೇರ ಹೋಗುವಾಗ ಅದ್ಭುತ, ಕಂಪನಿ ಸ್ಕೀಗಿಂತ ನಡುಕ ಕಮ್ಮಿ. ಎಡಕ್ಕೆ ತಿರುಗಿದ್ರೆ ಬ್ಲೇಡಿನ ಥರ ಕಚ್ಕೊಳುತ್ತೆ, ಬಲಕ್ಕೆ ತಿರುಗಿದ್ರೆ ಹೊರಗಿನ ಕಾಲು, ಅಂದ್ರೆ ಎಡಗಾಲಿಂದು, ಕಟಕಟ ಅಂತ ಹಾರ್ಕೊಂಡು ಜಾರುತ್ತೆ.

"ಭಾವ, ಎಡಗಡೇದು ಯಾಕೋ ಹಿಡೀತಿಲ್ಲ ನೋಡಿ" ಅಂದೆ. "ನಿನ್ನ ಕಾಲು ಹಿಡೀತಿಲ್ಲ ಅನ್ನು, ಸ್ಕೀ ಮೇಲೆ ಯಾಕಪ್ಪ ಹಾಕ್ತೀಯ" ಅಂದ್ರು. ಸರಿ ಅಂತ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಕೊಂಡು ಅದೇ ಇಳಿಜಾರಲ್ಲಿ ಇಳಿದೆ. ಕಟಕಟ ಈ ಸಲ ಇನ್ನೊಂದು ಕಡೆ ಬಂತು! ಕಾಲಿಂದಲ್ಲ, ಸ್ಕೀದೇ. ಭಾವ ಮಾತಾಡ್ಲಿಲ್ಲ, ದಪ್ಪ ಅಳೆಯೋ ಕ್ಯಾಲಿಪರ್ ತೆಗೆದ್ರು (ಜೇಬಲ್ಲಿ ಕ್ಯಾಲಿಪರ್ ಇಟ್ಕೊಂಡು ಸ್ಕೀಗೆ ಬರೋರು ಇವ್ರೊಬ್ರೇ ಇರ್ಬೇಕು). ಬೂಟಿನ ಮುಂದೆ ಒಂದು ಸ್ಕೀ ಇನ್ನೊಂದಕ್ಕಿಂತ 0.3 ಮಿ.ಮೀ. ತೆಳು. ಕೈಗೆ ಗೊತ್ತೇ ಆಗಲ್ಲ, ಆದ್ರೆ ದಪ್ಪ ಒಂಚೂರು ಇಳಿದ್ರೆ ಬಿಗಿ, ಅಂದ್ರೆ ಬಾಗದೆ ನಿಲ್ಲೋ ಶಕ್ತಿ, ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಎಡ್ಜ್ ಊರಿದಾಗ ಎರಡೂ ಒಂದೇ ಥರ ಬಾಗ್ಬೇಕು, ಇಲ್ಲಿ ಒಂದು ಬಾಗುತ್ತೆ ಇನ್ನೊಂದು ಬಾಗಲ್ಲ ಅನ್ನುತ್ತೆ. ಕಾರ್ಖಾನೇಲಿ ಸುಮಾರು ಸ್ಕೀ ಮಾಡಿ ಅದ್ರಲ್ಲಿ ಒಂದಕ್ಕೊಂದು ಹೊಂದೋದನ್ನ ಜೋಡಿ ಮಾಡ್ತಾರೆ, ಗ್ಯಾರೇಜಲ್ಲಿ ಇರೋದೇ ಎರಡು, ಅವೇ ಜೋಡಿ.

ಮಧ್ಯಾಹ್ನ ಬಿಸಿಲು ಬಂದ ಮೇಲೆ ಆಲ್ಪೆಂಟಾಲ್‌ಗೆ ಹೋದ್ವಿ, ಅದು ಕಡಿದಾದ ಕಡೆ. ಹಿಮ ಮೆತ್ತಗಾಗಿತ್ತು, ಎಲ್ಲರ ಸ್ಕೀನೂ ಹೂತ್ಕೊಳೋ ಹೊತ್ತು, ಈ ಸ್ಕೀ ಮಾತ್ರ ಎದ್ದು ನಿಂತು ಹೋಗ್ತಿತ್ತು. ನಡು 104 ಮಿ.ಮೀ. ಅಗಲ, ಮುಂದಿನ ತುದಿ ಉದ್ದಕ್ಕೆ ಮೇಲಕ್ಕೆ ಬಾಗಿದೆ, ತೂಕಾನೂ ಒಂದೊಂದಕ್ಕೆ ಎರಡು ಕೆ.ಜಿ. ಮೇಲಿದೆ, ಹಂಗಾಗಿ ಗುಪ್ಪೆಗಳನ್ನ ಸುತ್ತಿ ಹೋಗೋದೇ ಬೇಡ, ಸೀಳ್ಕೊಂಡೇ ಹೋಗುತ್ತೆ, ಬೆಳಿಗ್ಗೆ ಕಾಟ ಕೊಟ್ಟ ಆ 0.3 ಇಲ್ಲಿ ನೆನಪಿಗೇ ಬರ್ಲಿಲ್ಲ. ಇದು ಇದೇ ಬೆಟ್ಟದ ಇದೇ ಹಾಳು ಹಿಮಕ್ಕೆ ಅಂತ ಮಾಡಿದ್ದು, ನನಗೆ ಮನೇಲಿ ಮಾಡೋದ್ರಲ್ಲಿರೋ ಅಸಲಿ ಲಾಭ ಇದೊಂದೇ ಅನ್ಸಿದ್ದು. ಕಂಪನಿಯೋರು ಕೊಲರಾಡೋ ಪುಡಿ ಹಿಮಕ್ಕೂ ಆಲ್ಪ್ಸ್‌ಗೂ ಇಲ್ಲಿಗೂ ಸೇರಿಸಿ ಒಂದನ್ನ ಮಾಡ್ತಾರೆ.

ಆದ್ರೆ ಅದು ಭಾವನಿಗೆ ಅಂತ ಮಾಡಿದ್ದೂ ಹೌದು. ಅವ್ರು 84 ಕೆ.ಜಿ., ನಾನು 62. ನಿಧಾನಕ್ಕೆ ಹೋದ್ರೆ ನನ್ನ ಭಾರಕ್ಕೆ ಅದು ಬಾಗೋದೇ ಇಲ್ಲ, ಬಾಗದೆ ತಿರುಗಲ್ಲ, ತಿರುಗಿಸ್ಬೇಕು ಅಂದ್ರೆ ಸ್ಪೀಡ್ ಬೇಕು, ಮೂರು ಗಂಟೆ ಹೊತ್ತಿಗೆ ತೊಡೆ ಬೆಂಕಿ.

ಸಂಜೆ ಒರೆಸುವಾಗ ಕಂಡಿದ್ದು: ಎಡದ ಸ್ಕೀ ಹಿಂದಿನ ತುದೀಲಿ ಮರದ ಪಕ್ಕ ಮುಚ್ಚೋ ಪಟ್ಟಿಗೂ ಎಡ್ಜಿಗೂ ಮಧ್ಯೆ ಕೂದಲೆಳೆ ಬಿರುಕು, ಉಗುರು ಹಾಕಿದ್ರೆ ತಗುಲುತ್ತೆ, ಒತ್ತಿದ್ರೆ ನೀರು ಜಿನುಗ್ತು. ನೀರು ಒಳಗೆ ಹೋಗಿ ರಾತ್ರಿ ಗಡ್ಡೆ ಕಟ್ಟಿದ್ರೆ ಬಿರುಕು ಬೆಳೆಯುತ್ತೆ, ಹಂಗಾಗಿ ಪೂರ್ತಿ ಒಣಗಿಸಿ, ಎಪಾಕ್ಸಿ ತೂರಿಸಿ ಕ್ಲ್ಯಾಂಪ್ ಹಾಕ್ಬೇಕು.

ಖರ್ಚು: ಸಾಮಾನಿಗೆ ಜೋಡಿಗೆ 350 ಡಾಲರ್ ಹತ್ರ, ಪ್ರೆಸ್ಸು, ಅಚ್ಚು, ರೂಟರ್ ಲೆಕ್ಕ ಬೇರೆ, ಅದನ್ನ ಭಾವ ಅಕ್ಕನ ಮುಂದೆ ಹೇಳೋದೇ ಇಲ್ಲ. ಸೀಸನ್ ಕೊನೇಲಿ ಅದೇ ದುಡ್ಡಿಗೆ ಕಂಪನಿ ಸ್ಕೀ ಡಿಸ್ಕೌಂಟಲ್ಲಿ ಸಿಗುತ್ತೆ. ಹೊಸಬರು ಇನ್ನೂ ಬಾಡಿಗೆ ಸ್ಕೀಲೇ ಇರಿ, ನಿಮಗೆ ಯಾವ ಬಿಗಿ ಬೇಕು ಅಂತಾನೇ ಗೊತ್ತಿಲ್ಲದೆ ಮಾಡೋಕೆ ಕೂತ್ರೆ ಗೋಡೆಗೆ ನೇತುಹಾಕೋ ಶೋಪೀಸ್ ಆಗುತ್ತೆ.

ಮೆತ್ತನೆ ಹಿಮಕ್ಕೆ ಐದಕ್ಕೆ ನಾಲ್ಕೂವರೆ, ಗಟ್ಟಿ ಹಿಮಕ್ಕೆ ಎರಡು. ನನ್ನ ತೂಕಕ್ಕೆ ಒಂದು ಜೋಡಿ ಮಾಡ್ಕೊಡಿ ಅಂತ ಕೇಳಿದೀನಿ, ನಡು ದಪ್ಪ 10 ಮಿ.ಮೀ. ಸಾಕು, ಎರಡೂ ಮರಾನ ಅಂಟು ಹಾಕೋ ಮುಂಚೆ ಅಳೆದು ತೋರಿಸ್ಬೇಕು ಅನ್ನೋ ಷರತ್ತಿನ ಮೇಲೆ. ಸೀರೆ ನೀನೇ ತಗೊಂಡ್ಬಾ ಅಂದಿದಾರೆ.